ಅಂಗಳದಲ್ಲೇ ಹಳೇ 407ರ ಕ್ಲಚ್, ಫ್ಲೈವೀಲ್ ಬದಲಿಸಿದ್ದು

ಕುಮಟಾದಿಂದ ಸಿಮೆಂಟ್ ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಕ್ಲಚ್‌ನ ಹಣೆಬರಹ ಗೊತ್ತಾಗುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹ್ಯಾಂಡ್ ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಡಿ. ಇಂಜಿನ್ ಕೂಡಲೇ ಬಂದ್ ಬೀಳಬೇಕು. ನನ್ನ ಟಾಟಾ 407 ಲಾರಿಯ ಇಂಜಿನ್ ಓಡುತ್ತಲೇ ಇತ್ತು, ಅಂದರೆ ಕ್ಲಚ್ ಜಾರುತ್ತಿತ್ತು.

ಅಡಿಕೆ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಶಿರಸಿಯ ನಮ್ಮನೆ ಅಂಗಳದಲ್ಲೇ ಬಿಚ್ಚಿದೆವು. ನಾನು, ಭಾವ, ಅವನ ಮಗ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ನಮ್ಮ ಕಡೆಯ ತೇವಕ್ಕೆ ಫ್ಲೈವೀಲ್ (ಇಂಜಿನ್ ಹಿಂದೆ ತಿರುಗುವ, ಕ್ಲಚ್ ಪ್ಲೇಟ್ ಒತ್ತಿ ಕೂರುವ ಭಾರದ ಚಕ್ರ) ಮುಖಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಮಣ್ಣಿನ ಅಂಗಳದಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಬೇಕು. ಕೈಗೆ ಸಿಕ್ಕಿತೆಂದು ಚಿರೇಕಲ್ಲಿನ ಮೇಲೆ ಗಾಡಿ ನಿಲ್ಲಿಸಲೇಬಾರದು. ಅದು ಹೇಳದೆ ಕೇಳದೆ ಒಡೆಯುತ್ತದೆ, ಕೆಳಗೆ ಮಲಗಿರುವವರು ನಾವು. ಗಟ್ಟಿ ಮರದ ತುಂಡುಗಳನ್ನು ಅಡ್ಡಡ್ಡ ಜೋಡಿಸಿ ನಿಲ್ಲಿಸಿದೆವು.

ಬ್ಯಾಟರಿ ವೈರ್, ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದ ದಂಡ), ಸ್ಟಾರ್ಟರ್, ಗೇರ್ ಲಿವರ್ ಬಿಚ್ಚುವುದರಲ್ಲಿ ವಿಶೇಷ ಏನಿಲ್ಲ. ಶಾಫ್ಟ್ ಬಿಚ್ಚುವ ಮುಂಚೆ ಜೋಡಣೆ ಜಾಗದಲ್ಲಿ ಗುರುತು ಮಾಡಿಕೊಳ್ಳಿ, ಸಾಕು. ಗೇರ್ ಬಾಕ್ಸ್ ವಿಷಯ ಬೇರೆ. ಅದರ ಭಾರ ಒಂದು ಕ್ಷಣವೂ ಇನ್‌ಪುಟ್ ಶಾಫ್ಟ್ (ಬಾಕ್ಸಿನಿಂದ ಮುಂದೆ ಚಾಚಿ ಕ್ಲಚ್ ಪ್ಲೇಟಿನೊಳಗೆ ಹೋಗುವ ದಂಡ) ಮೇಲೆ ಜೋತು ಬೀಳಬಾರದು. ಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. "ಭಾವ, ಎಳೀಬೇಡ, ಇನ್ನೂ ಸ್ವಲ್ಪ ಎತ್ತು" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಟ್ರಾಲಿ ಜಾಕ್ ಮೇಲೆ ಬಾಕ್ಸ್ ಸಮಕ್ಕೆ ಕೂತಾಗ ಅದು ತಾನಾಗೇ ಹಿಂದೆ ಜಾರಿತು.

ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮುಖಕ್ಕೆ ಮಾಸ್ಕ್, ಕೈಗೆ ಒದ್ದೆ ಬಟ್ಟೆ.

ಇನ್ನು ಫ್ಲೈವೀಲ್. ಬಹಳ ಜನ ಪ್ಲೇಟ್ ಮಾತ್ರ ಬದಲಿಸಿ ಮುಚ್ಚಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಟಾರ್ಚ್ ಹಿಡಿದು ನೋಡಿದರೆ ಮುಖದ ಮೇಲೆ ಅಲ್ಲಲ್ಲಿ ನೀಲಿ ಕಲೆ, ಜೇಡರ ಬಲೆಯಂಥ ಸಣ್ಣ ಬಿರುಕು, ರಿವೆಟ್ ಉಜ್ಜಿದ ಗೆರೆ. ಅಂಚಿನಲ್ಲಿ ಉಗುರು ಎಡವುವಷ್ಟು ಮೆಟ್ಟಿಲು. ನೀಲಿ ಕಲೆಯಿದ್ದಲ್ಲಿ ಕಬ್ಬಿಣ ಕಾದು ಗಡುಸಾಗಿರುತ್ತದೆ. ಲೇತ್‌ನಲ್ಲಿ ಮುಖ ಸಮ ಮಾಡಿಸಿದರೂ ಆ ಜಾಗ ಮತ್ತೆ ಉಬ್ಬಿ ನಿಲ್ಲುತ್ತದೆ, ಗಾಡಿ ಹೊರಡುವಾಗ ನಡುಗುತ್ತದೆ. ಹಾಗಾಗಿ ಹೊಸದನ್ನೇ ತಂದೆ. ಫ್ಲೈವೀಲ್ ಅಂಚಿನ ಹಲ್ಲಿನ ಬಳೆ, ಅಂದರೆ ರಿಂಗ್ ಗೇರಿನ ಹಲ್ಲೂ ಎದುರುಬದುರು ಎರಡು ಕಡೆ ಸವೆದಿತ್ತು. ನಾಲ್ಕು ಸಿಲಿಂಡರಿನ ಇಂಜಿನ್ ಹೆಚ್ಚಾಗಿ ಅದೇ ಎರಡು ಜಾಗದಲ್ಲಿ ನಿಲ್ಲುವುದರಿಂದ ಸ್ಟಾರ್ಟರ್ ಅಲ್ಲೇ ಕಚ್ಚುತ್ತದೆ. ಹೊಸದನ್ನು ಕೊಳ್ಳುವಾಗ ಹಲ್ಲು ಎಣಿಸಿ, ಹಳೆಯದಕ್ಕೆ ತಾಳೆ ನೋಡಿ.

ಫ್ಲೈವೀಲ್ ಕಳಚಿದಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿ ಕೂರುವ ಬೇರಿಂಗ್) ಹೊಸದು ಹಾಕಿಬಿಡಬೇಕು. ಸೀಲ್ ಸೋರಿದರೆ ಹೊಸ ಪ್ಲೇಟೂ ಜಾರುತ್ತದೆ. ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗೂ ಅಷ್ಟೇ, ಅದೊಂದಕ್ಕಾಗಿ ಮತ್ತೆ ಬಾಕ್ಸ್ ಇಳಿಸುವುದು ಯಾರಿಗೆ ಬೇಕು, ಅಲ್ವಾ? ಹೊಸ ಫ್ಲೈವೀಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಥಿನ್ನರ್‌ನಲ್ಲಿ ಒರೆಸಿ, ಆಮೇಲೆ ಆ ಮುಖವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೋಲ್ಟ್ ಹೊಸದು, ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ, ಹಂತ ಹಂತವಾಗಿ.

ಪ್ಲೇಟ್ ನಡುಮಧ್ಯ ಕೂರದಿದ್ದರೆ ಗೇರ್ ಬಾಕ್ಸ್ ಒಳಗೆ ಹೋಗುವುದೇ ಇಲ್ಲ. ಅದಕ್ಕೆ ಡಮ್ಮಿ ಶಾಫ್ಟ್, ಅಂದರೆ ಇನ್‌ಪುಟ್ ಶಾಫ್ಟಿನ ಅಳತೆಯ ಗೂಟ, ಬೇಕು. ನಾನು ಪರಿಚಯದ ಆಚಾರಿಯವರಿಂದ ಗಟ್ಟಿ ಮರದಲ್ಲಿ ಎರಡು ಅಳತೆಯ ಗೂಟ ಕಡೆಸಿಕೊಂಡೆ. ತುದಿ ಪೈಲಟ್ ಬೇರಿಂಗಿಗೆ ಸರಿಯಾಗಿ, ಹಿಂಭಾಗ ಪ್ಲೇಟಿನ ತೂತಿಗೆ ಸರಿಯಾಗಿ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಪೂರ್ತಿ ಬಿಗಿದ ಮೇಲೆಯೇ ಗೂಟ ಹೊರಗೆ. ಇನ್‌ಪುಟ್ ಶಾಫ್ಟಿನ ಸ್ಪ್ಲೈನಿಗೆ (ಉದ್ದುದ್ದ ಹಲ್ಲುಗಳಿಗೆ) ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಜಾಸ್ತಿಯಾದರೆ ಅದು ಸಿಡಿದು ಪ್ಲೇಟಿಗೇ ಹತ್ತುತ್ತದೆ.

ಬಾಕ್ಸ್ ಏರಿಸುವಾಗ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಇಂಜಿನ್ನಿಗೆ ಕೈಯಲ್ಲೇ ಕೂಡಬೇಕು. ಬೋಲ್ಟ್ ಬಿಗಿದು ಎಳೆದು ಕೂಡಿಸಿದರೆ ಹೌಸಿಂಗ್ ಸೀಳುತ್ತದೆ. ಕೊನೆಯ ಬೆರಳಗಲ ಉಳಿದಾಗ ಭಾವನ ಮಗ ಬಾಕ್ಸಿನ ಹಿಂಭಾಗದ ಜೋಡಣೆಯನ್ನು ಚೂರು ತಿರುಗಿಸಿದ, ಸ್ಪ್ಲೈನ್ ಕೂಡಿತು.

ಮೊದಲ ಕೆಲವು ನೂರು ಕಿಲೋಮೀಟರ್ ಹಗುರ ಲೋಡಿನಲ್ಲೇ, ಬಯಲು ರಸ್ತೆಯಲ್ಲೇ ಓಡಿಸಿದೆ. ಆಮೇಲೆ ಪೆಡಲಿನ ಸಡಿಲ (ಕ್ಲಚ್ ಬಿಡುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ಅಂತರ) ಮತ್ತೆ ನೋಡಿ ಸರಿ ಮಾಡಿದೆ. ಪ್ಲೇಟ್ ಸವೆದಂತೆ ಆ ಸಡಿಲ ಕಮ್ಮಿಯಾಗುತ್ತದೆ, ಪೂರ್ತಿ ಹೋದರೆ ರಿಲೀಸ್ ಬೇರಿಂಗ್ ಸದಾ ತಾಗಿಕೊಂಡೇ ತಿರುಗುತ್ತದೆ. ಈಗ ಪ್ರತಿ ಸಲ ಇಂಜಿನ್ ಆಯಿಲ್ ಬದಲಿಸುವಾಗ ಅದನ್ನೂ ನೋಡುತ್ತೇನೆ.