ಬಿಳಿ ದ್ರಾಕ್ಷಿ ಬಳ್ಳಿಗೆ ಕೆಂಪು ಕಡ್ಡಿಯ ಕಾವಲು

ನ್ಯೂಜಿಲೆಂಡಿನ ಹಾಕ್ಸ್ ಬೇಯಲ್ಲಿ ಏಪ್ರಿಲ್ ಎಂದರೆ ಎಲೆ ಉದುರುವ ಮುಂಚಿನ ದಿನಗಳು. ಕೆಂಪು ತಳಿಯಾದ ಮೆರ್ಲೊ ಸಾಲಿನಲ್ಲಿ ಎಲೆ ಸುರುಳಿಸುವ ಲೀಫ್‌ರೋಲ್ ವೈರಸ್ ಹತ್ತಿದ ಬಳ್ಳಿ ಆಗ ದೂರದಿಂದಲೇ ಕಾಣುತ್ತದೆ. ಬುಡದ ಎಲೆಗಳು ಕಡುಗೆಂಪು, ನರಗಳು ಮಾತ್ರ ಹಸಿರು, ಅಂಚು ಕೆಳಕ್ಕೆ ಸುರುಳಿ. ಅದೇ ವೈರಸ್ ಪಕ್ಕದ ಬಿಳಿ ತಳಿ ಶಾರ್ಡನೆಯಲ್ಲಿದ್ದರೆ ಎಲೆ ಸ್ವಲ್ಪ ಹಳದಿಗೆ ತಿರುಗಬಹುದು, ಅಷ್ಟೇ. ಹಣ್ಣು ತಡವಾಗಿ ಮಾಗುತ್ತದೆ, ಸಕ್ಕರೆ ಏರುವುದಿಲ್ಲ. ಬಿಳಿ ತಳಿಗಳಲ್ಲಿ ಕೆಂಪು ಬಣ್ಣವೇ ಹುಟ್ಟದ ಕಾರಣ ರೋಗ ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟರಲ್ಲಿ ರಸ ಹೀರುವ ಹಿಟ್ಟು ತಿಗಣೆ ಅದನ್ನು ಸಾಲಿಗೆಲ್ಲ ಹರಡಿರುತ್ತದೆ.

ನಾನು ವಿಜಯಪುರದ ತಿಕೋಟಾ ಕಡೆಯವನು. ಡಾಗ್‌ರಿಡ್ಜ್ ಎಂಬ ಬೇರು ತಳಿಯ ಮೇಲೆ ಥಾಮ್ಸನ್ ದ್ರಾಕ್ಷಿಯ ಕಸಿ ಕಟ್ಟುವುದನ್ನು ಅಪ್ಪನ ಜೊತೆ ಕಲಿತವನು. ಅದಕ್ಕೇ ಇಲ್ಲಿ ಶಾರ್ಡನೆ ಬಳ್ಳಿಗೆ ಕೆಂಪು ತಳಿಯ ಕಡ್ಡಿ ಕಟ್ಟಿ ವೈರಸ್ ಪತ್ತೆ ಮಾಡುವ ಕೆಲಸ ಬಂದಾಗ ನಾನೇ ಮುಂದಾದೆ. ಬಳ್ಳಿಯಲ್ಲಿ ವೈರಸ್ ಇದ್ದರೆ ಅದು ಕಡ್ಡಿಗೆ ದಾಟಿ, ಕಡ್ಡಿಯ ಎಲೆ ಕೆಂಪಾಗಿ ತೋರಿಸುತ್ತದೆ.

ಆರಿಸಿದ್ದು ಕ್ಯಾಬರ್ನೆ ಫ್ರಾಂಕ್ ಎಂಬ ಕೆಂಪು ತಳಿ. ಚಳಿಗಾಲದ ಜುಲೈನಲ್ಲಿ ಪರೀಕ್ಷೆಯಾದ ಶುದ್ಧ ಬಳ್ಳಿಗಳಿಂದ ಕಡ್ಡಿ ಕೊಯ್ದು, ಒದ್ದೆ ಕಾಗದದಲ್ಲಿ ಸುತ್ತಿ ಶೀತಕದಲ್ಲಿಟ್ಟೆ. ಈ ಶುದ್ಧತೆಯ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಬಾರದು. ಲೀಫ್‌ರೋಲ್ ಕತ್ತರಿಯಿಂದ ಹರಡುವುದಿಲ್ಲ, ಕಸಿಯಿಂದ ಖಂಡಿತ ಹರಡುತ್ತದೆ. ಕಡ್ಡಿಯಲ್ಲೇ ರೋಗವಿದ್ದರೆ ಪತ್ತೆ ಮಾಡಲು ಹೋದ ಕೈಯೇ ಅಂಟಿಸಿ ಬಂದಂತೆ.

ಚಾಟನಿ ಮಾಡುವಾಗ, ಅಂದರೆ ಬಳ್ಳಿ ಸವರುವಾಗ, ಅನುಮಾನದ ಪ್ರತಿ ಬಳ್ಳಿಯಲ್ಲೂ ಒಂದು ಗಿಡ್ಡ ಕಡ್ಡಿ ಹೆಚ್ಚಿಗೆ ಬಿಟ್ಟಿದ್ದೆ. ನವೆಂಬರಿನಲ್ಲಿ ಅದರ ಮೇಲೆ ಕ್ಯಾಬರ್ನೆ ಫ್ರಾಂಕ್ ಕಡ್ಡಿಯ ಕಣ್ಣು (ಮೊಗ್ಗು) ಕಸಿ ಮಾಡಿ ಪಟ್ಟಿ ಬಿಗಿದೆ. ವಸಂತದಲ್ಲಿ ರಸ ಎಷ್ಟು ಸುರಿಯುತ್ತದೆಂದರೆ ಕಸಿಯ ಕಣ್ಣು ಮುಳುಗಿಯೇ ಹೋಗುತ್ತದೆ, ಅದಕ್ಕೆ ಕೆಳಗೊಂದು ಸಣ್ಣ ಗೀರು ಹಾಕಿ ರಸಕ್ಕೆ ದಾರಿ ಬಿಡಬೇಕು. ಕಸಿ ಹಿಡಿದ ಮೇಲೆ ಅದರ ಮುಂದಿನ ಕಡ್ಡಿ ಕತ್ತರಿಸಿದೆ. ಇಲ್ಲದಿದ್ದರೆ ಹೊಸ ಕಣ್ಣು ಮಲಗಿಯೇ ಇರುತ್ತದೆ.

ಮೊದಲ ಶರತ್ಕಾಲದಲ್ಲೇ ಒಂದು ಕಡ್ಡಿ ಕೆಂಪಾಯಿತು. ಖುಷಿಯಲ್ಲಿ ಆ ಬಳ್ಳಿಗೆ ಕೀಳುವ ಗುರುತಿನ ಪಟ್ಟಿ ಕಟ್ಟಿ, ಫೋಟೊವನ್ನು ಅಪ್ಪನಿಗೂ ಕಳಿಸಿದೆ. ರಾತ್ರಿ ಫೋನ್ ಬಂತು.

"ಕಸಿ ಗಂಟು ಬಿಚ್ಚಿ ನೋಡೀಯೇನು ತಮ್ಮಾ?"

"ಇಲ್ಲಪ್ಪಾ. ಯಾಕ?"

"ಅರ್ಧಾ ಕೂಡಿದ ಕಸೀನೂ ಕೆಂಪಾಗತೈತಿ."

ಮರುದಿನ ಬಿಚ್ಚಿದೆ. ಒಂದು ಬದಿ ಕೂಡಿರಲೇ ಇಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯಲಾರದೆ ಅಲ್ಲೇ ಕಟ್ಟಿಕೊಂಡು ಎಲೆ ಕೆಂಪಾಗಿತ್ತು. ಫೋಟೊ ಮತ್ತೆ ನೋಡಿದೆ: ನರಗಳೂ ಕೆಂಪು. ಅದನ್ನು ಗಮನಿಸಬೇಕಿತ್ತು, ಗಮನಿಸಿರಲಿಲ್ಲ. ಪ್ರಯೋಗಾಲಯದ ಎಲೈಸಾ ಪರೀಕ್ಷೆಯಲ್ಲೂ ಆ ಬಳ್ಳಿಯಲ್ಲಿ ವೈರಸ್ ಸಿಗಲಿಲ್ಲ. ಒಳ್ಳೆಯ ಬಳ್ಳಿಯೊಂದನ್ನು ಕಿತ್ತೇ ಬಿಡುತ್ತಿದ್ದೆ.

ಅಂದಿನಿಂದ ಪ್ರತಿ ಸಲ ಅದೇ ಕಟ್ಟಿನ ಕಡ್ಡಿಗಳನ್ನು ರೋಗವಿಲ್ಲವೆಂದು ಖಾತ್ರಿಯಾದ ಕೆಲವು ಬಳ್ಳಿಗಳಿಗೂ, ರೋಗವಿದೆಯೆಂದು ಖಾತ್ರಿಯಾದ ಕೆಲವಕ್ಕೂ ಕಟ್ಟುತ್ತೇನೆ. ಹೋಲಿಸಲು ಅವಿಲ್ಲದೆ ಬಣ್ಣ ನೋಡಿ ಏನೂ ಹೇಳಲಾಗದು. ಪೊಟ್ಯಾಶ್ ಕೊರತೆಗೂ ಎಲೆ ಕೆಂಪಾಗುತ್ತದೆ. ಹಸಿರಾಗಿಯೇ ಉಳಿದ ಕಡ್ಡಿಯನ್ನೂ ನಾನು ಒಂದೇ ವರ್ಷಕ್ಕೆ ನಂಬುವುದಿಲ್ಲ. ಬಳ್ಳಿಯೊಳಗೆ ವೈರಸ್ ಎಲ್ಲೆಡೆ ಸಮನಾಗಿರುವುದಿಲ್ಲ, ಕಡ್ಡಿಗೆ ದಾಟಲೂ ಸಮಯ ಬೇಕು. ಎರಡನೆಯ ಶರತ್ಕಾಲದಲ್ಲಿ ನಿಜವಾದ ಲಕ್ಷಣ ಕಂಡ ಬಳ್ಳಿಗಳನ್ನು ಎಲೈಸಾದಿಂದ ಖಚಿತಪಡಿಸಿಕೊಂಡು ಬೇರುಸಹಿತ ಕಿತ್ತೆವು. ಮಣ್ಣಿನಲ್ಲಿ ಉಳಿದ ಬೇರು ವರ್ಷಗಟ್ಟಲೆ ಜೀವ ಹಿಡಿದು ವೈರಸ್ಸನ್ನೂ ತಿಗಣೆಯನ್ನೂ ಸಾಕುತ್ತದೆ. ಅದಕ್ಕೇ ಬೇರು ಆಯುವ ದಿನ ನಾನು ಅವಸರ ಮಾಡಲಿಲ್ಲ.

ಪ್ರಯೋಗಾಲಯ ಇರುವಾಗ ಇಷ್ಟೆಲ್ಲ ಏಕೆ ಎಂದು ಜೊತೆಯವರು ಕೇಳುತ್ತಾರೆ. ಎಲೈಸಾ ಮಾದರಿ ತೆಗೆದ ಆ ದಿನದ ಸ್ಥಿತಿ ಹೇಳುತ್ತದೆ. ಕಡ್ಡಿ ಸಾಲಿನಲ್ಲೇ ನಿಂತಿರುತ್ತದೆ, ಮುಂದೆ ತಿಗಣೆ ತಂದ ಹೊಸ ಸೋಂಕನ್ನೂ ತೋರಿಸುತ್ತದೆ. ಈಗಲೂ ಹನ್ನೊಂದು ಕಾವಲು ಕಡ್ಡಿಗಳಿವೆ. ಚಾಟನಿಯಲ್ಲಿ ಅವನ್ನು ಎರಡೆರಡು ಕಣ್ಣಿಗೆ ಕತ್ತರಿಸಿ, ಕೊಯ್ಯುವವರಿಗೆ ತಿಳಿಯಲೆಂದು ನೀಲಿ ಪಟ್ಟಿ ಕಟ್ಟುತ್ತೇನೆ. ಬಿಳಿ ವೈನಿನ ಹಣ್ಣಿನೊಳಗೆ ಕಪ್ಪು ಗೊಂಚಲು ಬೀಳಬಾರದೆಂದು ಅವುಗಳ ಹೂಗೊಂಚಲನ್ನು ಡಿಸೆಂಬರಿನಲ್ಲೇ ಚಿವುಟಿಬಿಡುತ್ತೇನೆ.