ನಂಬಿಕೆಯನ್ನು ವಿರೋಧಿಸುವುದು ವಿಚಾರವೋ ಹಠವೋ: ತನ್ನನ್ನು ತಾನೇ ಒರೆಗೆ ಹಚ್ಚುವ ಬಗೆ

ಧಾರ್ಮಿಕ ನಂಬಿಕೆಯನ್ನು ವಿರೋಧಿಸುವವರು ತಮ್ಮ ವಿರೋಧ ವಿಚಾರದಿಂದ ಹುಟ್ಟಿದ್ದೆಂದು ಹೇಳುವುದು ಸಹಜ. ಅದು ಬರಿಯ ಹಠವೆಂದು ಎದುರಿನವರು ಹೇಳುವುದೂ ಅಷ್ಟೇ ಸಹಜ. ಯಾರ ಮಾತು ಸರಿಯೆಂದು ಹೊರಗಿನಿಂದ ತೀರ್ಮಾನಿಸುವುದು ಕಷ್ಟವಾದ್ದರಿಂದ, ವಿರೋಧಿಸುವವರೇ ತಮ್ಮನ್ನು ಪರೀಕ್ಷಿಸಿಕೊಳ್ಳಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇನೆ. ನಂಬಿಕೆ ನಿಜವೋ ಸುಳ್ಳೋ ಎಂಬುದನ್ನು ಇದು ನಿರ್ಣಯಿಸುವುದಿಲ್ಲ.

ಮೊದಲು, ಏನನ್ನು ವಿರೋಧಿಸುತ್ತಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಧರ್ಮವನ್ನು’ ಎಂದು ಬರೆದರೆ ಸಾಲದು. ಒಂದು ಹೇಳಿಕೆ ನಿಜವಲ್ಲ ಎನ್ನುವುದು ಒಂದು ಮಾತು; ಒಂದು ಆಚರಣೆಯಿಂದ ಮನುಷ್ಯರಿಗೆ ಕೇಡಾಗುತ್ತಿದೆ ಎನ್ನುವುದು ಇನ್ನೊಂದು; ಒಂದು ಸಂಸ್ಥೆ ಅಧಿಕಾರವನ್ನು ದುರುಪಯೋಗ ಮಾಡುತ್ತಿದೆ ಎನ್ನುವುದು ಮತ್ತೊಂದು; ಹಾಗೆ ನಂಬಲು ಯಾರಿಗೂ ಅವಕಾಶವೇ ಇರಕೂಡದು ಎನ್ನುವುದು ಇವೆಲ್ಲಕ್ಕಿಂತ ತೀರ ಬೇರೆಯದು. ಒಂದೊಂದಕ್ಕೂ ಬೇಕಾದ ಆಧಾರ ಬೇರೆ ಬೇರೆ. ಸಂಸ್ಥೆಯೊಂದರ ಹಣದ ಅವ್ಯವಹಾರ ಸಾಬೀತಾದ ಮಾತ್ರಕ್ಕೆ ಅದರ ತತ್ತ್ವ ಸುಳ್ಳಾಗುವುದಿಲ್ಲ. ತತ್ತ್ವ ಸುಳ್ಳೆಂದು ತೋರಿದ ಮಾತ್ರಕ್ಕೆ ಅದನ್ನು ನಿಷೇಧಿಸುವ ಹಕ್ಕು ಯಾರಿಗೂ ಬರುವುದಿಲ್ಲ. ನಾನು ಗಮನಿಸಿದಂತೆ, ವಿಚಾರ ಹಠವಾಗಿ ಮಾರ್ಪಡುವುದು ಹೆಚ್ಚಾಗಿ ಈ ಜಾರುವಿಕೆಯಲ್ಲೇ.

ಬಳಿಕ, ಯಾವ ಬಗೆಯ ವಾದಕ್ಕಿಳಿದಿದ್ದೀರಿ ಎಂದು ಕೇಳಿಕೊಳ್ಳಿ. ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ಚರ್ಚೆಯನ್ನು ಮೂರಾಗಿ ವಿಂಗಡಿಸಿದೆ: ಸತ್ಯವನ್ನು ತಿಳಿಯಲೆಂದು ನಡೆಸುವುದು ವಾದ, ಗೆಲ್ಲಲೆಂದು ನಡೆಸುವುದು ಜಲ್ಪ, ತನ್ನದೊಂದು ನಿಲುವನ್ನು ಸ್ಥಾಪಿಸದೆ ಎದುರಿನವರನ್ನು ಖಂಡಿಸುವುದಷ್ಟೇ ವಿತಂಡ. ವಾದಕ್ಕೆ ಇಳಿದವರು ಪೂರ್ವಪಕ್ಷವನ್ನು, ಎಂದರೆ ಎದುರಿನವರ ನಿಲುವನ್ನು, ಪ್ರಾಮಾಣಿಕವಾಗಿ ಮಂಡಿಸಬೇಕಾಗುತ್ತದೆ. ಆದ್ದರಿಂದ ನೀವು ವಿರೋಧಿಸುವ ನಂಬಿಕೆಯನ್ನು ನಿಮ್ಮ ಮಾತಿನಲ್ಲೇ ಬರೆದು, ಅದನ್ನು ನಂಬುವ ವಿವೇಕಿಯೊಬ್ಬರಿಗೆ ಓದಿ ಹೇಳಿ. ‘ಹೌದು, ನಾನು ನಂಬುವುದು ಇದನ್ನೇ’ ಎಂದು ಅವರು ಒಪ್ಪುವವರೆಗೂ ತಿದ್ದುತ್ತಿರಿ. ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಏಕೆಂದರೆ ಅವರು ಒಪ್ಪದ ಮಾತನ್ನು ಖಂಡಿಸಿದರೆ ನೀವು ಖಂಡಿಸಿದ್ದು ನಿಮ್ಮದೇ ಕಲ್ಪನೆಯನ್ನು.

ದನಿಯ ಏರಿಳಿತವನ್ನು ಮಾತ್ರ ಅಳತೆಗೋಲಾಗಿ ಬಳಸಬೇಡಿ. 1762ರಲ್ಲಿ ಫ್ರಾನ್ಸಿನ ಟುಲೂಸ್ ನಗರದಲ್ಲಿ ಜಾನ್ ಕಲಾಸ್ ಎಂಬ ಪ್ರಾಟೆಸ್ಟೆಂಟ್ ವರ್ತಕನಿಗೆ, ಮಗ ಕ್ಯಾಥೊಲಿಕನಾಗುವುದನ್ನು ತಡೆಯಲು ಅವನನ್ನು ಕೊಂದನೆಂಬ ಆರೋಪದ ಮೇಲೆ ಮರಣದಂಡನೆ ವಿಧಿಸಲಾಯಿತು. ಈ ತೀರ್ಪಿನ ವಿರುದ್ಧ ಫ್ರೆಂಚ್ ಲೇಖಕ ವಾಲ್ಟೇರ್ ನಡೆಸಿದ ಹೋರಾಟದಲ್ಲಿ ಕೋಪಕ್ಕೆ ಕೊರತೆಯಿರಲಿಲ್ಲ. ಆದರೆ ಆ ಕೋಪ ಸಾಕ್ಷ್ಯವೆಲ್ಲಿ ಎಂದು ಕೇಳುತ್ತಿತ್ತು, ಮರುವಿಚಾರಣೆಯನ್ನು ಬೇಡುತ್ತಿತ್ತು, ಮತ್ತು 1765ರಲ್ಲಿ ಕಲಾಸ್ ನಿರ್ದೋಷಿಯೆಂದು ಘೋಷಿಸಲ್ಪಟ್ಟ. ಇದಕ್ಕೆ ಪ್ರತಿಯಾಗಿ, 1967ರಲ್ಲಿ ಅಲ್ಬೇನಿಯದ ಸರ್ಕಾರ ಮಸೀದಿ, ಚರ್ಚುಗಳನ್ನೆಲ್ಲ ಮುಚ್ಚಿಸಿ ದೇಶವನ್ನು ನಾಸ್ತಿಕ ರಾಷ್ಟ್ರವೆಂದು ಸಾರಿತು. ಅಲ್ಲಿ ಯಾರ ಮಾತನ್ನೂ ಕೇಳುವ ಅಗತ್ಯವೇ ಉಳಿಯಲಿಲ್ಲ. ತಾನು ತಪ್ಪಿರಬಹುದು ಎಂಬುದಕ್ಕೆ ಜಾಗವನ್ನೇ ಇಡದ ವಿರೋಧ ಎಷ್ಟು ಶಾಂತವಾಗಿ ಮಾತನಾಡಿದರೂ ಹಠವೇ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಪುರಾವೆಯ ತಕ್ಕಡಿಗೆ. ಪವಾಡವೊಂದರ ವರದಿ ಬಂದಾಗ ಕಂಡವರು ಯಾರು, ಎಷ್ಟು ಕಾಲದ ಬಳಿಕ ಹೇಳಿದರು ಎಂದು ಕೇಳುವವರು, ಧರ್ಮವನ್ನು ಹಳಿಯುವ ಕಥೆ ಬಂದಾಗಲೂ ಅವೇ ಪ್ರಶ್ನೆಗಳನ್ನು ಕೇಳಬೇಕು. ಮಧ್ಯಯುಗದ ಯುರೋಪಿನಲ್ಲಿ ಚರ್ಚು ಭೂಮಿ ಚಪ್ಪಟೆಯೆಂದು ಬೋಧಿಸುತ್ತಿತ್ತು, 1492ರಲ್ಲಿ ಕೊಲಂಬಸ್ ಅದನ್ನು ಸುಳ್ಳಾಗಿಸಿದ ಎಂಬ ಕಥೆಯನ್ನು ಎಷ್ಟೋ ಮಂದಿ ವಿಚಾರವಾದಿಗಳು ಇಂದಿಗೂ ಹೇಳುತ್ತಾರೆ. ಅಂದಿನ ವಿದ್ವಾಂಸರಿಗೆ ಭೂಮಿ ಗುಂಡಗಿದೆಯೆಂಬುದು ತಿಳಿದೇ ಇತ್ತು. ಕೊಲಂಬಸ್‌ನೊಡನೆ ಅವರಿಗಿದ್ದ ತಕರಾರು ಭೂಮಿಯ ಸುತ್ತಳತೆಯ ಬಗ್ಗೆ, ಮತ್ತು ಆ ವಿಷಯದಲ್ಲಿ ತಪ್ಪಿದ್ದವನು ಕೊಲಂಬಸ್. ನಮಗೆ ಹಿತವಾದ ಸುಳ್ಳನ್ನು ನಾವು ಪರೀಕ್ಷಿಸದೆ ಬಿಡುತ್ತೇವೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಆದ್ದರಿಂದ ನೀವು ಮತ್ತೆ ಮತ್ತೆ ಬಳಸುವ ಮೂರು ಉದಾಹರಣೆಗಳನ್ನು ಆರಿಸಿ, ಅವುಗಳ ಮೂಲವನ್ನು ಹುಡುಕಿ, ನಿಲ್ಲದವುಗಳನ್ನು ಕೈಬಿಡಿ.

ಸಾಕಷ್ಟು ಪುರಾವೆಯಿಲ್ಲದೆ ಏನನ್ನೇ ಆದರೂ ನಂಬುವುದು ತಪ್ಪೆಂದು 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ, ದಾರ್ಶನಿಕ ಡಬ್ಲ್ಯು. ಕೆ. ಕ್ಲಿಫರ್ಡ್ ವಾದಿಸಿದರು. ಪುರಾವೆ ತೀರ್ಮಾನ ಕೊಡಲಾರದ, ಆದರೂ ಆಯ್ಕೆಯನ್ನು ಮುಂದೂಡಲಾಗದ ಕೆಲವು ಸಂದರ್ಭಗಳಲ್ಲಿ ನಂಬುವುದಕ್ಕೆ ಮನುಷ್ಯನಿಗೆ ಹಕ್ಕಿದೆಯೆಂದು 1896ರಲ್ಲಿ ಅಮೆರಿಕದ ದಾರ್ಶನಿಕ ವಿಲಿಯಂ ಜೇಮ್ಸ್ ಉತ್ತರಿಸಿದರು. ನನ್ನ ಒಲವು ಕ್ಲಿಫರ್ಡರ ಕಡೆಗಿದೆ, ಆದರೆ ಅವರ ನಿಯಮವನ್ನು ಎತ್ತಿಹಿಡಿಯುವವರು ‘ಧರ್ಮವಿಲ್ಲದ ಸಮಾಜ ಹೆಚ್ಚು ನೆಮ್ಮದಿಯಿಂದಿರುತ್ತದೆ’ ಎಂಬಂಥ ತಮ್ಮ ಭರವಸೆಗಳನ್ನೂ ಅದೇ ನಿಯಮಕ್ಕೆ ಒಪ್ಪಿಸಬೇಕಾಗುತ್ತದೆ.

ಇಷ್ಟಾದ ಮೇಲೆ, ಯಾವ ಸಂಗತಿ ತಿಳಿದುಬಂದರೆ ನಿಮ್ಮ ನಿಲುವನ್ನು ಬದಲಿಸುತ್ತೀರಿ ಎಂಬುದನ್ನು ದಿನಾಂಕ ಹಾಕಿ ಬರೆದಿಡಿ. ಏನೂ ಹೊಳೆಯದಿದ್ದರೆ ಹಠ ಒಳಹೊಕ್ಕಿದೆಯೆಂದು ಅನುಮಾನಿಸಲು ಕಾರಣವಿದೆ. ಹಾಗೆ ಕಂಡುಬಂದರೂ ನೀವು ವಿರೋಧಿಸಿದ ನಂಬಿಕೆ ಅದರಿಂದ ನಿಜವಾಗುವುದಿಲ್ಲ, ಕೇಡು ಮಾಡುವ ಆಚರಣೆ ನಿರಪಾಯಕಾರಿಯಾಗುವುದೂ ಇಲ್ಲ. ವಿರೋಧಿಯ ಸ್ವಭಾವ ಬೇರೆ, ವಿರೋಧದ ಕಾರಣಗಳು ಬೇರೆ. ಮೊದಲು ಬರೆದ ಆ ವಾಕ್ಯವನ್ನು ಮತ್ತೆ ಕೈಗೆತ್ತಿಕೊಂಡು, ಉಳಿದಿರುವ ಕಾರಣಗಳು ಹೊರಬಲ್ಲಷ್ಟಕ್ಕೆ ಅದನ್ನು ಕಿರಿದುಗೊಳಿಸಿ ಬರೆಯಿರಿ.