ಅಡಿಕೆ ಹಾಳೆಯ ವೇಸ್ಟ್‌ಕೋಟು, ವೇದಿಕೆ ಮೇಲೆ ಸೀಳದಂತೆ

ಕಾಲೇಜು ಹಬ್ಬಗಳ ‘ಕಸದಿಂದ ಫ್ಯಾಷನ್’ ಸ್ಪರ್ಧೆಗೆ ತೀರ್ಪುಗಾರಳಾಗಿ ಕೂತೂ ಕೂತೂ ನನಗೊಂದು ಚಟ ಹತ್ತಿದೆ. ಉಡುಪಿನ ಮುಂಭಾಗಕ್ಕಿಂತ ಮೊದಲು ಬೆನ್ನು ನೋಡುತ್ತೇನೆ. ಬಹಳಷ್ಟು ಸಲ ಅಲ್ಲಿ ಸಿಗುವುದು ಸೆಲ್ಲೋಟೇಪು ಮತ್ತು ಸೇಫ್ಟಿ ಪಿನ್ನು. ಕಳೆದ ಸಲ ಒಬ್ಬ ಹುಡುಗಿ ಅಡಿಕೆ ಹಾಳೆಯ ಚೆಂದದ ಕವಚ ತೊಟ್ಟು ಬಂದಳು. ಕೊನೆಗೆ ಬಗ್ಗಿ ನಮಸ್ಕಾರ ಮಾಡಿದಾಗ ಕಂಕುಳಿನಿಂದ ಸೊಂಟದವರೆಗೆ ಚರ್ರನೆ ಸೀಳಿತು. ಪಾಪ, ಎರಡು ವಾರದ ಕೆಲಸ. ಹಾಳೆಯನ್ನು ಬಟ್ಟೆ ಎಂದೇ ತಿಳಿದು ಸೂಜಿ ದಾರ ಹಾಕಿ ಹೊಲಿದಿದ್ದಳು.

ಹಾಳೆ ತೊಡುವುದು ನಮಗೆ ಹೊಸದೇನಲ್ಲ. ತುಳುನಾಡಿನಲ್ಲಿ ಗದ್ದೆ, ತೋಟದ ಕೆಲಸದವರು ತಲೆಗೆ ಹಾಕುವ ಮುಟ್ಟಾಳೆ ಹಾಳೆಯದೇ. ಆದರೆ ತಲೆ ಬಗ್ಗುವುದಿಲ್ಲ, ಮೈ ಬಗ್ಗುತ್ತದೆ. ಗಟ್ಟಿ ವಸ್ತುವನ್ನು ಮೈಗೆ ಒಗ್ಗಿಸುವ ಉಪಾಯವನ್ನು ಫ್ಯಾಷನ್ ವಿನ್ಯಾಸಕ ಪಾಕೊ ರಬಾನ್ 1966ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದರು. ‘ತೊಡಲಾಗದ 12 ಉಡುಪುಗಳು’ ಎಂದು ತಾವೇ ಹೆಸರಿಟ್ಟುಕೊಂಡು, ಸೂಜಿ ಬಿಟ್ಟು ಇಕ್ಕಳ ಹಿಡಿದರು. ಬಿಲ್ಲೆಗಳನ್ನು ಲೋಹದ ರಿಂಗುಗಳಿಂದ ಜೋಡಿಸಿದರು. ಬಿಲ್ಲೆ ಗಟ್ಟಿ, ಸಂದು ಸಡಿಲ. ನಾವೂ ಅದನ್ನೇ ಮಾಡುವುದು.

ಹಂತ 1: ತೋಟದಲ್ಲಿ ತಾನಾಗಿ ಬಿದ್ದ, ಕಲೆಯಿಲ್ಲದ ಹಾಳೆ ಆರಿಸಿ, ತೊಳೆಯಿರಿ. ಊರಲ್ಲಿ ತೋಟವಿಲ್ಲದಿದ್ದರೆ ಹಾಳೆ ತಟ್ಟೆ ಮಾಡುವವರನ್ನು ಕೇಳಿ.

ಹಂತ 2: ಅರ್ಧ ಗಂಟೆ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಒರಳುಕಲ್ಲು ಹೇರಿ. ಬಿಸಿಲಿಗೆ ಹಾಕಬೇಡಿ, ಸುರುಳಿ ಸುತ್ತಿಕೊಳ್ಳುತ್ತದೆ. ನೆರಳಲ್ಲೇ, ದಿನಕ್ಕೊಮ್ಮೆ ಮಗುಚಿ, ಪೂರ್ತಿ ಒಣಗುವವರೆಗೆ ಬಿಡಿ. ಹಸಿ ಉಳಿದರೆ ಬೂಷ್ಟು ಗ್ಯಾರಂಟಿ.

ಹಂತ 3: ಹಿಂಬದಿಗೆ ಹಳೆ ಕಾಟನ್ ಪಂಚೆಯ ಬಟ್ಟೆಯನ್ನು ಫೆವಿಕಾಲ್‌ನಿಂದ ಅಂಟಿಸಿ, ಮತ್ತೆ ಕಲ್ಲು ಹೇರಿ. ಇದನ್ನು ಬಿಡುವವರೇ ಜಾಸ್ತಿ. ಬಿಡಬೇಡಿ. ಗ್ಲೂ ಗನ್ನಿನ ಸುದ್ದಿಗಂತೂ ಹೋಗಲೇಬೇಡಿ; ಹಾಳೆಯ ನುಣುಪು ಮೈಗೆ ಅದು ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಕಾರಿನೊಳಗೆ ಇಟ್ಟರೆ ಎಲ್ಲ ಬಿಟ್ಟುಕೊಳ್ಳುತ್ತದೆ.

ಹಂತ 4: ಈಗ ಕತ್ತರಿಸುವುದು, ತೂತು ಹೊಡೆಯುವುದು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಹಾಳೆಯನ್ನು ಬೆಳಕಿಗೆ ಹಿಡಿದರೆ ಉದ್ದಕ್ಕೂ ಓಡಿದ ನಾರಿನ ಗೆರೆ ಕಾಣುತ್ತದೆ. ಹಾಳೆ ಸೀಳುವುದು ಈ ಗೆರೆಗುಂಟವೇ. ವೇಸ್ಟ್‌ಕೋಟಿನ ಭಾರ ಬೀಳುವುದು ಮೇಲಿಂದ ಕೆಳಕ್ಕೆ. ನಾರೂ ಮೇಲಿಂದ ಕೆಳಕ್ಕೆ ನಿಂತರೆ ರಿಂಗು ಎರಡು ನಾರಿನ ನಡುವೆ ಚಾಕುವಿನಂತೆ ಜಾರಿ ಹೊರಬರುತ್ತದೆ. ಆದ್ದರಿಂದ ನಾರು ಅಡ್ಡಡ್ಡ ಮಲಗುವಂತೆ ತುಂಡು ಕತ್ತರಿಸಿ; ಆಗ ನಾರೇ ರಿಂಗನ್ನು ತಡೆದು ಹಿಡಿಯುತ್ತದೆ. ನೋಡಲು ಉದ್ದ ಗೆರೆಯೇ ಚೆಂದ ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ಚೆಂದವೇ ಇರಬಹುದು, ಹತ್ತು ನಿಮಿಷ.

ತುಂಡಿನ ಅಳತೆ 6 ಸೆಂ.ಮೀ. ಎತ್ತರ, 5 ಸೆಂ.ಮೀ. ಅಗಲ. ಎದೆಸುತ್ತಳತೆ 90 ಸೆಂ.ಮೀ. ಇರುವವರಿಗೆ ಸುಮಾರು 100 ತುಂಡು, 250 ರಿಂಗು ಬೇಕು. ರಿಂಗು ಸ್ವಲ್ಪ ಹೆಚ್ಚೇ ತನ್ನಿ. ಪ್ರತಿ ತುಂಡಿಗೆ ಮೇಲೆ ಎರಡು, ಕೆಳಗೆ ಎರಡು, ಅಕ್ಕಪಕ್ಕ ಒಂದೊಂದು ತೂತು, ಅಂಚಿನಿಂದ 5 ಮಿ.ಮೀ. ಒಳಗೆ. ಮೇಲಿನ ಎರಡೂ ತೂತು ಒಂದೇ ನಾರಿನ ಮೇಲೆ ಬಿದ್ದರೆ ನಡುವೆ ಬಿರುಕು ಬಿಡುತ್ತದೆ. ಒಂದನ್ನು 2 ಮಿ.ಮೀ. ಕೆಳಕ್ಕಿಳಿಸಿ. ಪಕ್ಕದ ತೂತಿನಲ್ಲಿ ಮಾತ್ರ ಎಳೆತ ನಾರಿನ ದಿಕ್ಕಿಗೇ ಬೀಳುತ್ತದೆ, ತಪ್ಪಿಸಲಾಗದು. ಅಲ್ಲಿಗೆ ಚಪ್ಪಲಿ, ಬ್ಯಾಗಿಗೆ ಹಾಕುವ ಸಣ್ಣ ಐಲೆಟ್ (ತೂತಿನ ಅಂಚು ಕಾಯುವ ಲೋಹದ ಬಳೆ) ಬಡಿಯಿರಿ. ಫ್ಲೆಕ್ಸ್ ಬ್ಯಾನರಿನ ದೊಡ್ಡ ಐಲೆಟ್ ಬೇಡ, ವೇಸ್ಟ್‌ಕೋಟು ಹೋಗಿ ಪರದೆಯಾಗುತ್ತದೆ. ತೂತಿಗೆ ಪಂಚ್ ಇಕ್ಕಳವೇ ಬೇಕು. ಮೊಳೆ ಕಾಯಿಸಿ ಚುಚ್ಚಿದರೆ ಸುತ್ತಲಿನ ನಾರು ಸುಟ್ಟು ಪುಡಿಯಾಗುತ್ತದೆ.

ರಿಂಗಿನ ವಿಷಯ. ಬೆಂಗಳೂರಾದರೆ ಚಿಕ್ಕಪೇಟೆ ಕಡೆ ಆಭರಣದ ಸಾಮಾನು ಮಾರುವಲ್ಲಿ ‘ಜಂಪ್ ರಿಂಗ್’ ಎಂದು ಕೇಳಿ. ಎಲ್ಲರೂ 6 ಮಿ.ಮೀ.ಯದು ತರುತ್ತಾರೆ. ಲೆಕ್ಕ ಹಾಕಿ: ಆ ಕಡೆ 5, ಈ ಕಡೆ ಕೆಳಕ್ಕಿಳಿಸಿದ ತೂತಿಗೆ 7, ನಡುವಿನ ಸಂದು 2. ಒಳ ಅಳತೆಯೇ 14 ಮಿ.ಮೀ. ಇಲ್ಲದಿದ್ದರೆ ತುಂಡುಗಳು ಒಂದಕ್ಕೊಂದು ಒತ್ತಿ ಮುದುರುತ್ತವೆ. ತಂತಿಯನ್ನು ಬೆರಳಲ್ಲಿ ಹಿಸುಕಿ ನೋಡಿ. ಬಗ್ಗಿದರೆ ಅಲ್ಲೇ ವಾಪಸ್ ಕೊಡಿ. ತೂಕದ ಲೆಕ್ಕದಲ್ಲಿ ಸಿಗುವ ಬಂಗಾರ ಬಣ್ಣದ ಅಗ್ಗದ ರಿಂಗು ಒಮ್ಮೆ ನಾನೂ ಕೊಂಡಿದ್ದೆ. ಬಣ್ಣ ಮಾಡೆಲ್ ಕತ್ತಿಗೆ, ರಿಂಗು ನೆಲಕ್ಕೆ.

ರಿಂಗನ್ನು ಬಾಯಿ ಅಗಲಿಸಿ ಬಿಡಿಸಬೇಡಿ. ಎರಡು ಇಕ್ಕಳದಲ್ಲಿ ಎರಡು ತುದಿ ಹಿಡಿದು, ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ. ತುಂಡು ಸೇರಿಸಿ ಹಾಗೆಯೇ ವಾಪಸ್ ತಿರುಚಿ. ತುದಿಗಳು ಕೂಡಿದಾಗ ಕಿವಿಗೆ ಸಣ್ಣಗೆ ‘ಟಿಕ್’ ಕೇಳಬೇಕು. ಅಗಲಿಸಿದ ರಿಂಗು ಮತ್ತೆ ದುಂಡಗಾಗುವುದಿಲ್ಲ, ಉಳಿದ ಸಂದಿನಲ್ಲೇ ಹಾಳೆ ಜಾರಿಬಿಡುತ್ತದೆ.

ಹಂತ 5: ಅಡ್ಡಸಾಲುಗಳನ್ನು ಮೊದಲು ಕಟ್ಟಿ, ಆಮೇಲೆ ಸಾಲಿಗೆ ಸಾಲು ಸೇರಿಸಿ. ಒಂದು ಪಕ್ಕ ತೆರೆದಿಟ್ಟು ಕೊಕ್ಕೆ ಹಾಕಿ.

ಹಂತ 6: ಅಂಚುಗಳನ್ನು 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಬಣ್ಣ ಬಳಿಯಬೇಡಿ, ಹಾಳೆಯ ಕಂದು ಮಚ್ಚೆಗಿಂತ ಒಳ್ಳೆಯ ಡಿಸೈನು ನಮಗೆ ಬಿಡಿಸಲು ಬರುವುದಿಲ್ಲ. ಬೇಕಿದ್ದರೆ ಬಡಗಿಗಳ ಸ್ಪಿರಿಟ್ ಪಾಲಿಶ್ ಒಂದು ಕೈ ಸಾಕು.

ತೊಡಿಸಿದ ಮೇಲೆ ಕನ್ನಡಿ ಮುಂದೆ ನಿಲ್ಲಿಸಬೇಡಿ, ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಿ. ಕೈ ಎತ್ತಿಸಿ, ಮೆಟ್ಟಿಲು ಹತ್ತಿಸಿ, ಬಗ್ಗಿ ನಮಸ್ಕಾರ ಮಾಡಿಸಿ. ಬಿಡುವ ರಿಂಗು ಮನೆಯಲ್ಲೇ ಬಿಡಲಿ. ಸ್ಪರ್ಧೆಯ ದಿನ ಇಕ್ಕಳ, ಹತ್ತು ರಿಂಗು, ತೂತು ಹೊಡೆದ ನಾಲ್ಕು ತುಂಡು ಜೊತೆಗಿರಲಿ. ವೇಸ್ಟ್‌ಕೋಟಿಗೆ ಜೇಬಿಲ್ಲ, ಗೆಳತಿಯ ಬ್ಯಾಗಿನಲ್ಲಿ ಹಾಕಿ.